ಅಷ್ಟೂರಿನ ಗುಮ್ಮಟಗಳು

ಸ್ಮಾರಕ ಎಂದೊಡನೆ ಕಟ್ಟಿಸಿದವರ ಹೆಸರು, ಇಸವಿ ಕೇಳುವುದು ನಮ್ಮ ರೂಢಿ. ಬೀದರ್ ಬಳಿಯ ಅಷ್ಟೂರಿನಲ್ಲಿ ಅಷ್ಟು ಸಾಲದು. ಅಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಕ್ರೌರ್ಯಕ್ಕಾಗಿ 'ಜಾಲಿಂ' ಎನಿಸಿಕೊಂಡ ಹುಮಾಯೂನ್ ಶಾಹನ ಗುಮ್ಮಟ ಸಿಡಿಲಿಗೆ ಸೀಳಿಹೋಗಿದೆ. ಅಲ್ಲಿ ಹರಕೆ ಹೊತ್ತವರು ನಮಗೆ ಕಾಣಲಿಲ್ಲ. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನ ಗೋರಿಗೆ ಮಾತ್ರ ಇಂದಿಗೂ ಉರುಸು ನಡೆಯುತ್ತದೆ.

ಅಹ್ಮದ್ ಶಾಹ ಕೂಡ ವಿಜಯನಗರದೊಡನೆ ಕಾದಾಡಿದವನೇ. ಆದರೆ ಜನ ನೆನಪಿಟ್ಟುಕೊಂಡದ್ದು ಅದನ್ನಲ್ಲ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬರುತ್ತಾರೆ.

ಇತಿಹಾಸವೆಂದರೆ ಬರೀ ಹಗೆ ಎಂದು ಮಕ್ಕಳಿಗೆ ಹೇಳಿಕೊಡುವವರಿಗೆ ಈ ದಾರಿ ತೋರಿಸಬೇಕು. ಕಲ್ಲು, ಗಾರೆ ಕಾಯಲು ಪುರಾತತ್ವ ಇಲಾಖೆಯಿದೆ. ಈ ನಡಿಗೆಯನ್ನು ಕಾಯಬೇಕಾದವರು ನಾವೇ.