ಅಜ್ಜಿಯ ಮುಖವೂ ಉಚಿತ ತಂತ್ರಾಂಶವೂ

ಕಳೆದ ವರ್ಷ ವಾರ್ಷಿಕೋತ್ಸವ ಮುಗಿದ ಮರುದಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು, "ಮೇಷ್ಟ್ರೇ, ನಮ್ಮಣ್ಣ ಕ್ಯಾಮರಾ ಕೊಡಿಸಿದ್ದಾನೆ. ಚಿತ್ರ ತಿದ್ದುವುದಕ್ಕೆ ದುಡ್ಡಿಲ್ಲದೆ ಸಿಗುವ ತಂತ್ರಾಂಶಗಳಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದನು. ನಾವು ಕನ್ನಡ ಪಾಠ ಹೇಳುವವರು, ಗಣಕಯಂತ್ರದ ಪಂಡಿತರಲ್ಲ. ಆದರೂ ಈ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದು ಬುದ್ಧಿ ಕಲಿತವರಾದುದರಿಂದ, ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ.

ನಾವು ಹೊಸಪೇಟೆಯ ಸೀಮೆಯವರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಹೊಟ್ಟೆಯ ಪಾಡಿಗಾಗಿ ಗಾಜುವಾಕಕ್ಕೆ ಬಂದು ನೆಲೆಸಿದವರು. 1971ರಲ್ಲಿ ಶಂಕುಸ್ಥಾಪನೆಯಾಗಿ 1992ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ಈ ಊರಿಗೆ ನಮ್ಮಂತೆ ಬಂದು ಸೇರಿದವರು ಅನೇಕರು. ಬರುವಾಗ ಒಂದು ಟ್ರಂಕು, ಹಾಸಿಗೆ, ನಾಲ್ಕಾರು ಪುಸ್ತಕಗಳ ಜೊತೆಗೆ ಅಜ್ಜಿಯ ಭಾವಚಿತ್ರವನ್ನೂ ತಂದಿದ್ದೆವು. ಅಜ್ಜಿಯದು ಅದೊಂದೇ ಚಿತ್ರ. ಸಂತೆಬೀದಿಯ ಸ್ಟುಡಿಯೋದಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು, ಕಣ್ಣು ಮಿಟುಕಿಸದೆ ತೆಗೆಸಿಕೊಂಡದ್ದು.

ಕಡಲ ಕರೆಯ ತೇವ ಆ ಚಿತ್ರಕ್ಕೆ ಒಗ್ಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದ ಗಾಜಿಗೆ ಅಂಟಿಕೊಂಡು, ಮೂಲೆಯಿಂದ ಬೂಷ್ಟು ಹಬ್ಬಿತು. ಗಾಬರಿಗೊಂಡು ಮೊಬೈಲಿನಿಂದ ಅದರ ಪ್ರತಿ ತೆಗೆದೆವು. ಬಳಿಕ ಗಾಜನ್ನು ಬಿಡಿಸಹೋದಾಗ ಕಾಗದ ಹರಿದು ಮುಖವೇ ಗಾಜಿನಲ್ಲಿ ಉಳಿಯಿತು. ಹೀಗಾಗಿ ಮೊಬೈಲಿನಲ್ಲಿದ್ದ ಪ್ರತಿಯೊಂದೇ ಗತಿಯಾಯಿತು.

ಬೂಷ್ಟಿನ ಕಲೆಗಳನ್ನು ತೆಗೆಯಬೇಕೆಂದು, ಉಚಿತವೆಂದು ಬರೆದಿದ್ದ ತಂತ್ರಾಂಶವೊಂದನ್ನು ವಿಚಾರಮಾಡದೆ ಇಳಿಸಿಕೊಂಡೆವು. ಮುಖವನ್ನು ಅಂದಗೊಳಿಸುವ ಗುಂಡಿಯೊಂದಿತ್ತು, ಒತ್ತಿದೆವು. ಕ್ಷಣಮಾತ್ರದಲ್ಲಿ ಚಿತ್ರ ಥಳಥಳಿಸಿತು. ಹಿಗ್ಗಿನಿಂದ ಉಳಿಸುವ ಗುಂಡಿಯನ್ನೂ ಒತ್ತಿ, ಊರಿನಲ್ಲಿದ್ದ ಅಕ್ಕನಿಗೆ ಕಳುಹಿಸಿದೆವು. ಅಕ್ಕನಿಂದ ಬಂದ ಉತ್ತರ ಇಷ್ಟೇ: "ತಮ್ಮಾ, ಇದು ಯಾರ ಮುಖನೋ? ಅಜ್ಜಿಯ ಸಿಡುಬಿನ ಕಲೆ ಎಲ್ಲಿ ಹೋದವು?"

ಸಿಡುಬು ನಮ್ಮ ದೇಶದಿಂದ ತೊಲಗಿದ್ದು 1975ರಲ್ಲಿ. ಅದಕ್ಕೆ ಬಹಳ ಹಿಂದೆಯೇ ಅಜ್ಜಿ ಬಾಲ್ಯದಲ್ಲಿ ಆ ರೋಗದಿಂದ ಬದುಕಿ ಉಳಿದವಳು. ಮಡಿಲಲ್ಲಿ ಮಲಗಿ ಆ ಕಲೆಗಳನ್ನು ಬೆರಳಿನಿಂದ ಎಣಿಸಿದ್ದು ನಮಗೆ ಇಂದಿಗೂ ನೆನಪಿದೆ. ಯಂತ್ರಕ್ಕೆ ಬೂಷ್ಟಿನ ಕಲೆಯೂ ಒಂದೇ, ಸಿಡುಬಿನ ಕಲೆಯೂ ಒಂದೇ; ಎರಡನ್ನೂ ಒರೆಸಿಹಾಕಿತ್ತು. ಹಿಂದಿನ ಚಿತ್ರ ಬೇಕೆಂದು ಹುಡುಕಿದರೆ, ಹೊಸದು ಅದರ ಮೇಲೆಯೇ ಕುಳಿತಿತ್ತು. ಪುಣ್ಯಕ್ಕೆ, ಮೊದಲೇ ಅಕ್ಕನಿಗೆ ಕಳುಹಿಸಿದ್ದ ಸಣ್ಣ ಪ್ರತಿಯೊಂದು ಅವಳ ಮೊಬೈಲಿನಲ್ಲಿ ಉಳಿದಿತ್ತು. ಮಸುಕಾದರೂ ಅದು ನಮ್ಮ ಅಜ್ಜಿಯೇ.

ತಪ್ಪು ನಮ್ಮದು. ಆದರೆ ಆ ತಪ್ಪಿನಿಂದ ತಂತ್ರಾಂಶವನ್ನು ಆರಿಸುವ ಮೊದಲನೆಯ ಸೂತ್ರ ದೊರೆಯಿತು: ಮೂಲವನ್ನು ಮುಟ್ಟದೆ ಕೆಲಸ ಮಾಡುವುದೇ ಒಳ್ಳೆಯ ತಂತ್ರಾಂಶ. ಹಳೆಯ ಸ್ಟುಡಿಯೋದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರು ನಮಗೆ ಕೊಡುತ್ತಿದ್ದುದು ಅಚ್ಚು. ನೆಗೆಟಿವನ್ನು ಲಕೋಟೆಯಲ್ಲಿಟ್ಟು ಸಂಖ್ಯೆ ಬರೆದು ಕಾಪಾಡುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿ, ಸಾಮಾನ್ಯ ಜನರ ಬದುಕನ್ನು ಚಿತ್ರಿಸಿ ಹೆಸರಾದ ಟಿ. ಎಸ್. ಸತ್ಯನ್ (1923–2009) ಅವರಂಥವರ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಒಂದೇ ನೆಗೆಟಿವಿನಿಂದ ಕಪ್ಪಾಗಿಯೋ ತಿಳಿಯಾಗಿಯೋ ಎಷ್ಟು ಅಚ್ಚುಗಳನ್ನಾದರೂ ತೆಗೆಯಬಹುದಾಗಿತ್ತು. ನೆಗೆಟಿವು ಮಾತ್ರ ಹಾಗೆಯೇ ಇರುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿಯೂ ಈ ಗುಣವುಳ್ಳವು ಇವೆ. 2009ರಲ್ಲಿ ಮೊದಲು ಹೊರಬಂದ ಡಾರ್ಕ್‌ಟೇಬಲ್ ಎಂಬುದು, ನಾವು ಮಾಡಿದ ತಿದ್ದುಪಡಿಗಳನ್ನು ಬೇರೊಂದು ಪುಟ್ಟ ಕಡತದಲ್ಲಿ ಬರೆದಿಟ್ಟುಕೊಂಡು ಮೂಲವನ್ನು ಇದ್ದ ಹಾಗೆಯೇ ಬಿಡುತ್ತದೆ. ಗಿಂಪ್ ಎಂಬುದರಲ್ಲಿ ಉಳಿಸು ಎಂದರೆ ಚಿತ್ರ ಅದರದೇ ಆದ ರೂಪದಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ. ಜೆಪೆಗ್ ಬೇಕಾದರೆ ಅದನ್ನು ಬೇರೆಯಾಗಿ ಹೊರತೆಗೆಯಬೇಕು. ಜೆಪೆಗ್ ಚಿತ್ರವನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಅದರ ವಿವರಗಳು ಸವೆಯುವುದರಿಂದ ಇದು ಸಣ್ಣ ಉಪಕಾರವಲ್ಲ.

ಎರಡನೆಯ ಸೂತ್ರ 'ಉಚಿತ' ಎಂಬ ಪದಕ್ಕೆ ಸಂಬಂಧಿಸಿದ್ದು. ಬೆಲೆಯಿಲ್ಲದ್ದೆಲ್ಲವೂ ಒಂದೇ ಜಾತಿಯದಲ್ಲ. ಕಂಪನಿಯೊಂದು ತನ್ನ ವಸ್ತುವನ್ನು ಕಾಸಿಲ್ಲದೆ ಹಂಚುವುದು ಒಂದು ಬಗೆ. ಅದು ಬೇಡವೆಂದಾಗ ನಿಲ್ಲಿಸಲೂಬಹುದು. ಲಕ್ಷಾಂತರ ಮಂದಿ ಬಳಸುತ್ತಿದ್ದ ಪಿಕಾಸಾವನ್ನು ಗೂಗಲ್ ಸಂಸ್ಥೆ 2016ರಲ್ಲಿ ನಿಲ್ಲಿಸಿತು. ಇನ್ನೊಂದು ಬಗೆಯದು ಸ್ವತಂತ್ರ ತಂತ್ರಾಂಶ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಸಾರಿದ ಗ್ನೂ ಯೋಜನೆಯ ದಾರಿ ಇದು. ಇದರಲ್ಲಿ ತಂತ್ರಾಂಶದ ಒಳಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನೆರೆಯವನಿಗೆ ಕೊಡಬಹುದು. ಮಾಡಿದವನು ಕೈಬಿಟ್ಟರೂ ಮತ್ತೊಬ್ಬನು ಎತ್ತಿಕೊಳ್ಳಬಹುದು. ಗಿಂಪ್ ಅನ್ನು 1995ರಲ್ಲಿ ಆರಂಭಿಸಿದವರು ಬರ್ಕಲಿಯ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. ಅವರು ಬಿಟ್ಟುಹೋದ ಮೇಲೂ ಇತರರು ಅದನ್ನು ಬೆಳೆಸಿದರು. ಮೂರನೆಯ ಆವೃತ್ತಿ 2025ರಲ್ಲಿ ಬಂದಿತು. ವಿದ್ಯಾರ್ಥಿಗಳು ನೆಟ್ಟ ಗಿಡದ ಹಣ್ಣನ್ನು ನೀವು ತಿನ್ನುತ್ತಿರುವಿರಿ ಎಂಬುದನ್ನು ಮರೆಯದಿರಿ. ಬೆಲೆಯ ತಂತ್ರಾಂಶವನ್ನು ಕಳ್ಳಪ್ರತಿಯಾಗಿ ತಂದು ಬಳಸುವವರಿಗೆ ಇಂಥ ನೇರ ದಾರಿ ಇರುವಾಗ ಅಡ್ಡದಾರಿ ಏಕೆ?

ಮೂರನೆಯದು, ನಮ್ಮ ಯಂತ್ರಕ್ಕೂ ಕೆಲಸಕ್ಕೂ ತಕ್ಕುದನ್ನು ಆರಿಸುವುದು. ಮೊಬೈಲು ಮಾತ್ರ ಇರುವವರಿಗೆ ಸ್ನ್ಯಾಪ್‌ಸೀಡ್ ಸಾಕು. ಅದು ಬೆಲೆಯಿಲ್ಲದ್ದು, ಆದರೆ ಸ್ವತಂತ್ರವಾದುದಲ್ಲ. ಸಾಧಾರಣ ಗಣಕಯಂತ್ರವಿದ್ದರೆ ಗಿಂಪ್. ಕ್ಯಾಮರಾದಲ್ಲಿ ರಾ ಎಂಬ ಹಸಿ ರೂಪದಲ್ಲಿ ಚಿತ್ರ ತೆಗೆಯುವವರು, ಯಂತ್ರ ಬಲವಾಗಿದ್ದರೆ, ಡಾರ್ಕ್‌ಟೇಬಲ್ ಕಲಿಯಬಹುದು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಾದರೆ, 12 ಬಿಟ್ಟಿನ ರಾ ಚಿತ್ರದಲ್ಲಿ 4096. ನೆರಳಿನಲ್ಲಿ ಅಡಗಿದುದನ್ನು ಹೊರತರಲು ಅಲ್ಲಿ ಅವಕಾಶ ಹೆಚ್ಚು.

ಪ್ರಶ್ನೆ ಕೇಳಿದ ಹುಡುಗನಿಗೆ ಗಿಂಪ್ ಹಾಕಿಕೊಟ್ಟು, ಮೂರೇ ಕೆಲಸ ಕಲಿಯಲು ಹೇಳಿದೆವು: ಓರೆಯನ್ನು ನೇರಮಾಡುವುದು, ಬೇಡದ ಅಂಚನ್ನು ಕತ್ತರಿಸುವುದು, ಬೆಳಕು ನೆರಳನ್ನು ಸರಿದೂಗಿಸುವುದು. ಅವನು ಯಾರಾಡದ ಕಡಲತೀರದಲ್ಲಿ ತೆಗೆದಿದ್ದ ಚಿತ್ರದಲ್ಲಿ ಸಮುದ್ರವೆಲ್ಲ ಒಂದು ಕಡೆಗೆ ಸೋರಿಹೋಗುವಂತೆ ವಾಲಿತ್ತು. ನೇರಮಾಡಿದ ಮೇಲೆ ಅವನೇ ನಕ್ಕು, "ಮೇಷ್ಟ್ರೇ, ಇನ್ನು ಮೇಲೆ ತೆಗೆಯುವಾಗಲೇ ನೆಟ್ಟಗೆ ಹಿಡಿಯುತ್ತೇನೆ" ಎಂದನು. ತಂತ್ರಾಂಶ ಕಲಿಸಬೇಕಾದ ನಿಜವಾದ ಪಾಠ ಅದೇ.

ಆ ಬಳಿಕ ನಾವೂ ಅಕ್ಕನಿಂದ ಬಂದ ಸಣ್ಣ ಪ್ರತಿಯನ್ನು ಗಿಂಪ್‌ನಲ್ಲಿ ತೆರೆದೆವು. ಮೊದಲು ಅದರ ಎರಡು ನಕಲುಗಳನ್ನು ಎರಡು ಕಡೆ ಇಟ್ಟೆವು. ನಾಲ್ಕು ಭಾನುವಾರ ಕುಳಿತು, ಪಕ್ಕದ ಭಾಗದ ಬಣ್ಣವನ್ನು ಎತ್ತಿ ಹಚ್ಚುತ್ತ ಬೂಷ್ಟಿನ ಕಲೆಗಳನ್ನು ಒಂದೊಂದಾಗಿ ತೆಗೆದೆವು. ಕೆನ್ನೆಯ ಮೇಲಿನದೊಂದು ಬೂಷ್ಟೋ ಸಿಡುಬೋ ಎಂದು ನಿರ್ಧಾರವಾಗದೆ ಅಕ್ಕನನ್ನು ಕೇಳಿದೆವು. "ಅದು ಅಜ್ಜಿಯದೇ, ಬಿಡು" ಎಂದಳು, ಬಿಟ್ಟೆವು. ಈಗ ಆ ಚಿತ್ರ ಗಾಜುವಾಕದ ನಮ್ಮ ಮನೆಯ ಗೋಡೆಯ ಮೇಲಿದೆ, ಗಾಜಿನಿಂದ ಒಂದು ಬೆರಳು ದೂರದಲ್ಲಿ.