ಖಾನಾಪುರದ ಕಾಡಿನೂರುಗಳು

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದಲ್ಲಿರುವ ಖಾನಾಪುರವನ್ನು ದಾರಿಯಿಲ್ಲದ ಊರೆಂದು ಯಾರೂ ಹೇಳಲಾರರು. ಮೀರಜಿನಿಂದ ಲೋಂಡಾ ಕಡೆಗೆ ಸಾಗುವ ರೈಲುಮಾರ್ಗ ಇಲ್ಲಿಯೇ ಹಾಯುತ್ತದೆ. ಗೋವೆಯತ್ತ ಹೋಗುವ ಹೆದ್ದಾರಿಯೂ ಇದೇ ಬದಿಯಲ್ಲಿದೆ. ಕದಂಬರ ಹಲಸಿಯನ್ನು ನೋಡಬಯಸುವವರೂ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡಕ್ಕೆ ಹೊರಟವರೂ ಈ ತಾಲ್ಲೂಕಿಗೇ ಬರಬೇಕು.

ಆದರೆ ಪಟ್ಟಣದಿಂದ ಹೆಮ್ಮಡಗಾ ಕಡೆಗೆ ತಿರುಗಿದ ಪ್ರಯಾಣಿಕನಿಗೆ ಬೇರೊಂದು ಖಾನಾಪುರ ಎದುರಾಗುತ್ತದೆ. ಭತ್ತದ ಗದ್ದೆಗಳು ಹಿಂದೆ ಸರಿದು ಕಾಡು ದಟ್ಟವಾಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅರಣ್ಯವಿದು. ಜಗತ್ತಿನಲ್ಲಿ ಅತಿ ವಿರಳವಾದ ಒಂದು ಜಾತಿಯ ಬಾವಲಿ ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ನೆಲೆಸಿದೆ. ಇದೇ ಕಾಡಿನ ಒಡಲಲ್ಲಿ ಗವಾಳಿ, ಕೊಂಗಳಾ, ಪಾಸ್ತೊಳಿ, ದೇಗಾಂವ, ತಳೇವಾಡಿ, ಆಮಗಾಂವ ಮೊದಲಾದ ಹಳ್ಳಿಗಳಿವೆ. ಮನೆಮಾತು ಬಹುಮಟ್ಟಿಗೆ ಮರಾಠಿ; ಕಚೇರಿಯ ಕಾಗದಪತ್ರಗಳ ಭಾಷೆ ಕನ್ನಡ.

ಬೇಸಗೆಯಲ್ಲಿ ಈ ಹಳ್ಳಿಗಳಿಗೆ ಕಚ್ಚಾದಾರಿಯಲ್ಲಿ ಹೇಗೋ ಹೋಗಿ ಬರಬಹುದು. ಮುಂಗಾರು ಹಿಡಿಯಿತೆಂದರೆ ಹಳ್ಳಗಳು ತುಂಬಿ, ಒಂದೊಂದು ಊರೂ ಒಂದೊಂದು ನಡುಗಡ್ಡೆಯಾಗುತ್ತದೆ. ಊರವರು ಮರದ ದಿಮ್ಮಿಗಳನ್ನು ಹಾಸಿ ಕಟ್ಟಿಕೊಂಡ ಕಾಲುಸೇತುವೆಯೇ ಆಗ ಹೆದ್ದಾರಿ. 2024ರ ಜುಲೈ ತಿಂಗಳಿನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಕೋಲು ಕಟ್ಟಿದ ಡೋಲಿಯಲ್ಲಿ ಮಲಗಿಸಿ, ಸುರಿಯುವ ಮಳೆಯಲ್ಲಿ ಹಲವು ಕಿಲೋಮೀಟರು ಹೆಗಲ ಮೇಲೆ ಹೊತ್ತು ತಂದರು. ಆಂಬುಲೆನ್ಸ್ ಬಂದು ನಿಲ್ಲಬಲ್ಲ ಜಾಗ ಅಷ್ಟು ದೂರವಿತ್ತು.

ರಸ್ತೆಯೇಕೆ ಇಲ್ಲ? ಉತ್ತರದ ಅರ್ಧಭಾಗ ಜನಸಂಖ್ಯೆಯಲ್ಲಿದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ 500 ಜನರಿರುವ ವಸತಿಗಳನ್ನು ಆರಿಸಿಕೊಂಡಿತು. ಗುಡ್ಡಗಾಡು ರಾಜ್ಯಗಳಿಗೂ ಮರುಭೂಮಿಗೂ 250 ಸಾಕೆಂದಿತು. ಸಹ್ಯಾದ್ರಿಯ ನೆತ್ತಿಯ ಮೇಲಿದ್ದರೂ ಕರ್ನಾಟಕವು ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಉಳಿದರ್ಧ ಅರಣ್ಯದ ಕಾನೂನಿನಲ್ಲಿದೆ. 1972ರ ವನ್ಯಜೀವಿ ಕಾಯಿದೆ, 1980ರ ಅರಣ್ಯ ಕಾಯಿದೆಗಳ ಎದುರು ಕಾಡಿನಲ್ಲಿ ಡಾಂಬರು ಹಾಕುವುದು ಸುಲಭವಲ್ಲ. 2006ರ ಅರಣ್ಯಹಕ್ಕು ಕಾಯಿದೆ ಮಾತ್ರ ಒಂದು ಕಿಂಡಿಯನ್ನು ತೆರೆದಿದೆ. ಗ್ರಾಮಸಭೆಯ ಶಿಫಾರಸಿದ್ದರೆ, ರಸ್ತೆ, ಶಾಲೆ, ಔಷಧಾಲಯಗಳಂಥ ಸೌಕರ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ.

ಹೀಗಾಗಿ ಜನ ಕಡಿಮೆಯೆಂದು ದಾರಿಯಿಲ್ಲ. ದಾರಿಯಿಲ್ಲವೆಂದು ಜನ ಇನ್ನಷ್ಟು ಕಡಿಮೆ. ಓದಿದ ಹುಡುಗರು ದುಡಿಮೆಯನ್ನು ಅರಸಿ ಬೆಳಗಾವಿಗೋ ಗೋವೆಗೋ ಹೊರಡುತ್ತಾರೆ. ಗದ್ದೆಯನ್ನೂ ಗ್ರಾಮದೇವತೆಯನ್ನೂ ನೋಡಿಕೊಳ್ಳಲು ಹಿರಿಯರು ಉಳಿಯುತ್ತಾರೆ. 2025ರ ಮೇ ತಿಂಗಳಿನಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಸರ್ಕಾರವು ಪರಿಹಾರದ ಮೊದಲ ಕಂತಾಗಿ ತಲಾ 10 ಲಕ್ಷ ರೂಪಾಯಿ ನೀಡಿತು. ಒಪ್ಪಿ ಹೊರಬರುವವರಿಗೆ ಒಟ್ಟು 15 ಲಕ್ಷ. ಆಸ್ಪತ್ರೆ, ಶಾಲೆ ಸಮೀಪವಾಗಲೆಂದು ಒಪ್ಪಿದವರನ್ನು ತಪ್ಪೆನ್ನಲಾಗದು. ಅಜ್ಜ ನೆಟ್ಟ ಮರದಡಿಯಲ್ಲೇ ಇರುವೆವೆನ್ನುವವರನ್ನು ಹಟಮಾರಿಗಳೆಂದು ಜರೆಯಲೂ ಆಗದು. ಆದರೆ ಒಪ್ಪಿಗೆಯು ಮನಸಾರೆ ಬಂದದ್ದೋ, ಮಳೆಗಾಲದ ಭಯದಿಂದ ಬಂದದ್ದೋ ಎಂಬುದನ್ನು ಮಾತ್ರ ನೋಡಲೇಬೇಕು.

ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಜಲಾಶಯದಲ್ಲಿ ತಂಗಿ, ಹುಬ್ಬಳ್ಳಿ-ಧಾರವಾಡಗಳ ಬಾಯಾರಿಕೆಯನ್ನು ತಣಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ನೀರನ್ನು ಕಾಯುವ ಕಾಡು ಉಳಿಯಲೇಬೇಕು. ಅದರೊಡನೆ, ಕಾಡಿನಲ್ಲಿ ಉಳಿದವರು ಎಷ್ಟೇ ಮಂದಿಯಿರಲಿ, ಮಳೆಗಾಲದ ರಾತ್ರಿ ರೋಗಿಯೊಬ್ಬನನ್ನು ಹಳ್ಳ ದಾಟಿಸಲು ಭದ್ರವಾದ ಕಾಲುಸೇತುವೆಯಾದರೂ ಅವರಿಗೆ ದೊರೆಯಬೇಕು. ಅಷ್ಟಕ್ಕೆ 500 ತಲೆಗಳನ್ನು ಎಣಿಸಬೇಕಾಗಿಲ್ಲ.