ನೆಹರೂ ಪ್ಲೇಸಿನಲ್ಲಿ ಒಂದು ಶನಿವಾರ

ದೆಹಲಿಗೆ ಬರುವ ನೆಂಟರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿ ನಮ್ಮೆಲ್ಲರ ಮನೆಗಳಲ್ಲಿಯೂ ಸಿದ್ಧವಾಗಿಯೇ ಇರುತ್ತದೆ. ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಸಮಯವಿದ್ದರೆ ಆಗ್ರಾ. ಈ ಪಟ್ಟಿಯಲ್ಲಿ ನೆಹರೂ ಪ್ಲೇಸಿಗೆ ಎಡೆಯಿಲ್ಲ. ಈ ಊರಿಗೆ ಬಂದು ಒಂಬತ್ತು ವರ್ಷ ಕಳೆದರೂ ನಾನೂ ಅಲ್ಲಿಗೆ ಹೋದವನಲ್ಲ. ಕೊನೆಗೆ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನಮ್ಮ ಮನೆಯ ಲ್ಯಾಪ್‌ಟಾಪಿನ ಪರದೆ.

ಆ ಪರದೆಯ ಮೇಲೆ ನಮ್ಮ ಮನೆಯ ಕನ್ನಡ ಶಾಲೆ ನಡೆಯುತ್ತದೆ ಎಂದರೆ ವಾಚಕರು ನಗಬಾರದು. ನನ್ನ ತಂದೆಯವರು ಪ್ರಾಥಮಿಕ ಶಾಲೆಯ ನಿವೃತ್ತ ಉಪಾಧ್ಯಾಯರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದ್ದಾರೆ. ಪ್ರತಿ ಭಾನುವಾರ ಸಂಜೆ ಅವರು ಅಲ್ಲಿ ಕುಳಿತು ಸ್ಲೇಟಿನ ಮೇಲೆ ಬರೆದು ಹಿಡಿಯುತ್ತಾರೆ. ಎಂಟು ವರ್ಷದ ನನ್ನ ಮಗಳು ಇಲ್ಲಿ ಕುಳಿತು ಓದುತ್ತಾಳೆ. ಅವಳ ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಕನ್ನಡದ ಅಕ್ಷರಕ್ಕೆ ಅಜ್ಜನ ಸ್ಲೇಟೇ ಗತಿ.

ಪಾಠ ಒತ್ತಕ್ಷರಕ್ಕೆ ಬಂದ ಹೊತ್ತಿಗೇ ಪರದೆ ಮಿಣುಕತೊಡಗಿತು. ಮೊದಲು ಆಗೊಮ್ಮೆ ಈಗೊಮ್ಮೆ. ಆಮೇಲೆ, ಕೆಟ್ಟ ಟ್ಯೂಬ್‌ಲೈಟಿನಂತೆ, ಎಡೆಬಿಡದೆ. "ಅಪ್ಪಾ, ಅಕ್ಷರ ಕಾಣುತ್ತೆ, ಅದರ ಕೆಳಗಿನ ಒತ್ತು ಕಾಣೋದಿಲ್ಲ" ಎಂದು ಮಗಳು ಕಣ್ಣೊರಸಿಕೊಂಡಳು. ಫೋನಿನಲ್ಲಿ ನೋಡೋಣವೆಂದರೆ ಅದು ಅಂಗೈಯಗಲ. ಎರಡು ಭಾನುವಾರ ಪಾಠ ನಿಂತಿತು. ಮೂರನೆಯ ಭಾನುವಾರ ಅವಳು ಆಟಕ್ಕೆ ಹೊರಟುಹೋದಳು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಬಡಾವಣೆಯ ಒಂದು ಅಂಗಡಿಗೆ ಒಯ್ದೆನು. ಅಲ್ಲಿಯವರು ಮುಚ್ಚಳ ತೆರೆದು, ಒಮ್ಮೆ ನೋಡಿ, "ಪ್ಯಾನೆಲ್ ಹೋಗಿದೆ, ಆರೂವರೆ ಸಾವಿರ" ಎಂದರು. ತಿಂಗಳ ಕೊನೆಯ ವಾರ. ಮನೆಗೆ ಬಂದು ತಂದೆಯವರಿಗೆ ಫೋನು ಮಾಡಿದೆ. "ತಮ್ಮಾ, ರೋಗ ಯಾವುದು ಅಂತ ತಿಳೀದ ಔಷಧ ಕೊಡಬಾರದು. ಮೊದಲು ಒಂದೊಂದೇ ನೋಡಿ ಬಿಡ್ಕೋತ ಬಾ" ಎಂದರು. ಲ್ಯಾಪ್‌ಟಾಪಿನ ವಿಷಯ ಅವರಿಗೇನೂ ತಿಳಿಯದು. ಆದರೂ ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರಿಂದಲೂ ದೊರೆಯಲಿಲ್ಲ.

ಅಂದು ರಾತ್ರಿಯೇ ಪರೀಕ್ಷೆಗೆ ತೊಡಗಿದೆನು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆದು ನೋಡಬೇಕು. ಅದೊಂದು ಸ್ಥಿರವಾಗಿದ್ದು ಉಳಿದದ್ದು ಮಿಣುಕಿದರೆ ದೋಷ ಯಾವುದೋ ಅಪ್ಲಿಕೇಶನ್ನಿನದು. ಎಲ್ಲವೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರಿನ ಮೇಲೆ ಸಂಶಯ. ನಮ್ಮದು ಎಲ್ಲವೂ ಮಿಣುಕಿತು. ಡ್ರೈವರನ್ನು ಹೊಸದಾಗಿ ಹಾಕಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಯಂತ್ರವನ್ನು ಆರಿಸಿ, ಪುನಃ ಹಚ್ಚಿ, ವಿಂಡೋಸ್ ಬರುವ ಮುನ್ನವೇ ತೆರೆಯುವ ಬಯಾಸ್ ಪರದೆಗೆ ಹೋದೆ. ಅಲ್ಲಿಯೂ ಅದೇ ಮಿಣುಕು! ವಿಂಡೋಸೇ ಇಲ್ಲದ ಕಡೆ ಡ್ರೈವರನ್ನು ದೂಷಿಸುವಂತಿಲ್ಲ. ರೋಗ ಬುದ್ಧಿಯದಲ್ಲ, ಶರೀರದ್ದು ಎಂದು ತೀರ್ಮಾನವಾಯಿತು. ಮುಖ್ಯ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಮಲಗಿದೆನು.

ನೆಹರೂ ಪ್ಲೇಸಿನಲ್ಲಿ ಭಾನುವಾರ ಬಹುಪಾಲು ಅಂಗಡಿಗಳಿಗೆ ರಜೆ; ಆದಕಾರಣ ಶನಿವಾರ ಬೆಳಿಗ್ಗೆ ಹೊರಟೆನು. 2018ರಲ್ಲಿ ತೆರೆದ ಆರ್.ಕೆ. ಪುರಂ ಮೆಟ್ರೋ ನಿಲ್ದಾಣದಲ್ಲಿ ಹತ್ತಿ, ಕಾಲ್ಕಾಜಿ ಮಂದಿರದಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ನೆಹರೂ ಪ್ಲೇಸ್. 1962ರ ದೆಹಲಿಯ ಮಹಾಯೋಜನೆಯಲ್ಲಿ ಕಲ್ಪಿಸಿದ ಜಿಲ್ಲಾ ಕೇಂದ್ರಗಳಲ್ಲಿ ಇದೂ ಒಂದು. ನಡುವೆ ವಿಶಾಲವಾದ ಕಲ್ಲುಹಾಸಿನ ಅಂಗಳ, ಸುತ್ತಲೂ ಬಣ್ಣಗೆಟ್ಟ ಕಟ್ಟಡಗಳು. ಅಂಗಳದಲ್ಲಿ ಕಾಲಿಟ್ಟೊಡನೆ "ಲ್ಯಾಪ್‌ಟಾಪ್ ರಿಪೇರಿ, ಸರ್?" ಎಂದು ನಾಲ್ಕಾರು ಹುಡುಗರು ಬೆನ್ನು ಹತ್ತುತ್ತಾರೆ. ನೆಲದ ಮೇಲೆ ಹರಡಿದ ಚೀಲಗಳು, ಕೀಲಿಮಣೆಗಳು, ಚಾರ್ಜರುಗಳು. ಅದರ ಮಗ್ಗುಲಲ್ಲಿಯೇ ಬಟ್ಟೆಯ ಅಂಗಡಿಗಳ ಸಾಲು. ಒಂದು ಕಡೆ ಗಜದ ಲೆಕ್ಕ, ಇನ್ನೊಂದು ಕಡೆ ಗಿಗಾಬೈಟಿನ ಲೆಕ್ಕ. ಮುಂಬಯಿಯವರು ಲ್ಯಾಮಿಂಗ್ಟನ್ ರಸ್ತೆಯನ್ನೂ ಚೆನ್ನೈಯವರು ರಿಚಿ ಸ್ಟ್ರೀಟನ್ನೂ ಬೆಂಗಳೂರಿನವರು ಎಸ್.ಪಿ. ರಸ್ತೆಯನ್ನೂ ನೆನೆದುಕೊಂಡರೆ ಸಾಕು.

ಕಚೇರಿಯ ಸ್ನೇಹಿತರೊಬ್ಬರು ಹೇಳಿದ್ದ ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಒಂದು ಮೇಜು, ಒಂದು ದೀಪ, ಹಿಡಿಯಷ್ಟು ಸ್ಕ್ರೂಗಳು. ಇಪ್ಪತ್ತೈದರ ಪ್ರಾಯದ ಹುಡುಗ. ಮಾತು ಕಡಿಮೆ. ಮೊದಲು ಅವನು ನಮ್ಮ ಯಂತ್ರಕ್ಕೆ ಎಚ್‌ಡಿಎಂಐ ತಂತಿಯಿಂದ ಹೊರಗಿನ ಮಾನಿಟರೊಂದನ್ನು ಜೋಡಿಸಿದನು. ಮಾನಿಟರಿನಲ್ಲಿ ಚಿತ್ರ ಕಲ್ಲಿನಂತೆ ನಿಂತಿತು. "ಒಳಗಿನ ಗ್ರಾಫಿಕ್ಸ್ ಚೆನ್ನಾಗಿದೆ. ಇದನ್ನು ಮನೆಯ ಟಿ.ವಿ.ಗೆ ಜೋಡಿಸಿ ನೀವೇ ನೋಡಬಹುದಿತ್ತಲ್ಲ, ಅಂಕಲ್" ಎಂದನು. ಮೂರು ಭಾನುವಾರದ ಪಾಠವೂ ಹಾಗೆ ನಡೆಯಬಹುದಿತ್ತೆಂದು ಹೊಳೆದು ನನಗೆ ನಾಚಿಕೆಯಾಯಿತು.

ಆಮೇಲೆ ಮುಚ್ಚಳವನ್ನು ಮೆಲ್ಲನೆ ಹಿಂದೆ ಮುಂದೆ ಬಾಗಿಸಿದನು. ಒಂದು ಕೋನದಲ್ಲಿ ಮಿಣುಕು ಹೆಚ್ಚಿತು, ಇನ್ನೊಂದರಲ್ಲಿ ನಿಂತೇಹೋಯಿತು. ಯಂತ್ರ ಆರಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪರದೆಯ ಸುತ್ತಲಿನ ಚೌಕಟ್ಟು ಬಿಚ್ಚಿದನು. ತನ್ನ ಬಳಿಯಿದ್ದ ಬೇರೊಂದು ಪ್ಯಾನೆಲನ್ನು ನಮ್ಮ ಕೇಬಲ್ಲಿಗೇ ಜೋಡಿಸಿ ಹಚ್ಚಿದನು. ಆ ಒಳ್ಳೆಯ ಪ್ಯಾನೆಲೂ ಮಿಣುಕಿತು! "ಪ್ಯಾನೆಲಿನ ತಪ್ಪಿಲ್ಲ. ಕೇಬಲ್" ಎಂದನು. ಚಿತ್ರವನ್ನೂ ಬೆಳಕಿನ ವಿದ್ಯುತ್ತನ್ನೂ ಪರದೆಗೆ ಒಯ್ಯುವ ಈ ಕೇಬಲ್ ಮುಚ್ಚಳದ ಕೀಲಿನ ಮೂಲಕ ಹಾದುಹೋಗುತ್ತದೆ. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಮಡಿಚಿಕೊಂಡು, ವರ್ಷಗಳು ಕಳೆದಂತೆ ಒಳಗಿನ ಎಳೆಗಳು ಮುರಿಯುತ್ತವೆ. ಹೊಸ ಕೇಬಲ್ಲಿಗೆ ಒಂಬೈನೂರು, ಕೂಲಿ ನಾನೂರು. ಕೇಬಲ್ ತರಿಸಲು ಎರಡು ಗಂಟೆ ಬೇಕೆಂದನು.

ಆ ಎರಡು ಗಂಟೆ ನನ್ನ ಭಾಗ್ಯವೆಂದೇ ಹೇಳಬೇಕು. ಹತ್ತಿರದಲ್ಲಿ ಏನಿದೆಯೆಂದು ವಿಚಾರಿಸಿದೆ. 1986ರಲ್ಲಿ ತೆರೆದ ಕಮಲಮಂದಿರವಿತ್ತು, ಕಾಲ್ಕಾಜಿಯ ದೇವಸ್ಥಾನವಿತ್ತು. ಆದರೆ ಈಸ್ಟ್ ಆಫ್ ಕೈಲಾಸದ ಬಳಿ ಅಶೋಕನ ಶಾಸನವೊಂದಿದೆಯೆಂದು ಕೇಳಿ ಆಟೋ ಹತ್ತಿದೆನು. ಮಸ್ಕಿಯವನು ಆ ಹೆಸರು ಕೇಳಿ ಸುಮ್ಮನಿರುವುದುಂಟೆ? 1915ರಲ್ಲಿ ಬೆಳಕಿಗೆ ಬಂದ ನಮ್ಮೂರಿನ ಶಾಸನದಲ್ಲಿ ಅಶೋಕನ ಹೆಸರೇ ಇದೆ. ತಂದೆಯವರು ಪ್ರತಿ ವರ್ಷ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಆ ಸಾಲಿನಲ್ಲಿ ನಾನೂ ಇದ್ದೆ.

ದೆಹಲಿಯ ಬಂಡೆ 1966ರಲ್ಲಿ ಗೊತ್ತಾದುದು. ಮನೆಗಳ ನಡುವಣ ಉದ್ಯಾನದಲ್ಲಿ, ಮೇಲೊಂದು ಕಾಂಕ್ರೀಟಿನ ಚಾವಣಿ, ಕೆಳಗೆ ಓರೆಯಾದ ಬಂಡೆ. ನೋಡಲು ಬಂದವನು ನಾನೊಬ್ಬನೇ. ಬ್ರಾಹ್ಮಿಯ ಅಕ್ಷರಗಳು ಮಸುಕಾಗಿವೆ; ಒಂದು ಕಡೆಯಿಂದ ನೋಡಿದರೆ ಕಾಣುತ್ತವೆ, ಇನ್ನೊಂದು ಕಡೆಯಿಂದ ಕಾಣವು. ಅಶೋಕನ ಹೆಸರು ಇಲ್ಲಿಲ್ಲ. ಆದರೆ ಸಂದೇಶ ಮಸ್ಕಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಇರುವ ಅದೇ ಕಿರುಶಾಸನದ್ದು: ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಫಲ ಹೊಂದಬಹುದು. ಒಂಬತ್ತು ವರ್ಷ ಈ ಊರನ್ನು ಪರಊರೆಂದೇ ಎಣಿಸಿದ್ದೆನು. ಆ ಬಂಡೆಯ ಮುಂದೆ ನಿಂತಾಗ ಹಾಗೆನಿಸಲಿಲ್ಲ.

ಹಿಂದಿರುಗಿದಾಗ ಕೇಬಲ್ ಬಂದಿತ್ತು. ನನ್ನೆದುರಿಗೇ ಜೋಡಿಸಿ, ಮುಚ್ಚಳವನ್ನು ಹತ್ತು ಬಾರಿ ತೆರೆದು ಮುಚ್ಚಿ ತೋರಿಸಿದನು. ಪರದೆ ಮಿಣುಕಲಿಲ್ಲ. ಹದಿಮೂರು ನೂರು ಕೊಟ್ಟು, ಹಳೆಯ ಕೇಬಲನ್ನೂ ಕೇಳಿ ಪಡೆದುಕೊಂಡು ಬಂದೆನು.

ಮರುದಿನ ಸಂಜೆ ತಂದೆಯವರಿಗೆ ಎಲ್ಲವನ್ನೂ ಹೇಳಿದೆ. ಕೇಬಲ್ಲಿನ ಸಂಗತಿ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಬಂಡೆಯ ಸಂಗತಿಯನ್ನು ಎರಡು ಸಲ ಹೇಳಿಸಿದರು. ಆಮೇಲೆ ಸ್ಲೇಟನ್ನು ಒರೆಸಿ, ಒಂದು ಪದ ಬರೆದು, ಪರದೆಗೆ ಹಿಡಿದರು. ಮಗಳು ಮುಂದಕ್ಕೆ ಬಾಗಿದಳು.

"ಮ... ಸಕ್ಕೆ ಕ ಒತ್ತು... ಮಸ್ಕಿ!" ಎಂದಳು.

"ಶಾಭಾಸ್" ಎಂದರು ಅಜ್ಜ. "ಬರೋ ರಜಾದಾಗ ಬಾ, ತೋರಸ್ತೀನಿ. ಅಲ್ಲೀತನಕ ಅಪ್ಪನ ಕೂಡ ಆ ದಿಲ್ಲಿ ಬಂಡಿ ನೋಡ್ಕೊಂಡು ಬಾ."

ಮುಂದಿನ ಶನಿವಾರ ಹೋಗುವುದೆಂದು ನಿಶ್ಚಯವಾಗಿದೆ. ಈ ಸಲ ಲ್ಯಾಪ್‌ಟಾಪು ಮನೆಯಲ್ಲಿಯೇ ಇರುತ್ತದೆ.